ಕೆಂಪು ಬೋರಿನ ನೀರು ಕೆನಡಾಕ್ಕೆ ಹೋದದ್ದು

ಬಳ್ಳಾರಿ ಬಿಟ್ಟದ್ದು

ನಾನು ಕೆನಡಾಕ್ಕೆ ಹೊರಟ ದಿನ ಬೆಳಿಗ್ಗೆಯೇ ಮಗಳು ಗೌರಿಯ ಮುಂದಿನ ಹಲ್ಲು ಬಿತ್ತು. ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿ ಹುದುಗಿಸಿ ಮಾಳಿಗೆಯ ಮೇಲೆ ಎಸೆಯುವುದು ನಮ್ಮಲ್ಲಿ ರೂಢಿ. ಟ್ಯಾಕ್ಸಿಯವನು ಹಾರ್ನ್ ಬಾರಿಸುತ್ತಲೇ ಇದ್ದ. ಇವಳು ಉಂಡೆ ಮೇಲೆ ಬಿತ್ತೋ ಇಲ್ಲವೋ ನೋಡಿ ಬಾ ಎಂದು ಹಟ ಹಿಡಿದಳು. ಹೊಸ ಪ್ಯಾಂಟು ಬೂಟು ಹಾಕಿಕೊಂಡವನು ಏಣಿ ಹತ್ತಿ ನೋಡಿ ಬಂದೆ.

"ಬಿದ್ದೈತವ್ವಾ, ಚಂದಗೆ ಬಿದ್ದೈತಿ. ನಾ ಬರೋದ್ರೊಳಗ ಹೊಸಾದು ಬರ್ತೈತಿ."

"ಬಿಳೇದು ಬರ್ತೈತಿಲ್ಲಪ್ಪಾ?"

ಆರು ವರ್ಷದ ಮಕ್ಕಳು ಕೇಳುವ ಪ್ರಶ್ನೆಯಲ್ಲ ಇದು. ನಮ್ಮೂರಿನ ಮಕ್ಕಳು ಕೇಳುತ್ತಾರೆ.

ಊರಿನ ಹೆಸರು ಬರೆಯುವುದಿಲ್ಲ. ಕುರುಗೋಡಿನಿಂದ ಬಾದನಹಟ್ಟಿ ದಾರಿ ಹಿಡಿದು ಒಂದು ಕಡೆ ಇಳಿದು ನಡೆಯಬೇಕು, ಅಷ್ಟು ಸಾಕು. ಹೆಸರು ಬರೆದರೆ ನಮ್ಮ ಹುಡುಗರಿಗೆ ಹೆಣ್ಣು ಕೊಡುತ್ತಿರುವ ನಾಲ್ಕು ಮನೆಯವರೂ ಹಿಂದೆ ಸರಿದಾರು. ನಮ್ಮ ಬೋರಿನ ನೀರಿನಲ್ಲಿ ಫ್ಲೋರೈಡ್ ವಿಪರೀತ. ಅದನ್ನೇ ಕುಡಿದು ಬೆಳೆದ ನನ್ನ ಹಲ್ಲುಗಳು ಸುಟ್ಟ ಬೆಲ್ಲದ ಬಣ್ಣ. ಬಳ್ಳಾರಿ–ಸಿರುಗುಪ್ಪ ಬಸ್ಸಿನಲ್ಲಿ ನಾನು ಕಂಡಕ್ಟರ್. ಮೀಸೆಯನ್ನು ಕೆಳತುಟಿಯವರೆಗೂ ಇಳಿಬಿಟ್ಟಿದ್ದೇನೆ, ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಈ ಈರಣ್ಣ ಬಲು ಬಿಗಿ ಮನುಷ್ಯ ಎಂದು ಪ್ರಯಾಣಿಕರು ತಿಳಿದಿದ್ದಾರೆ. ಬಿಗಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕಾಣಬಾರದು, ಅಷ್ಟೇ.

ಅಪ್ಪನದು ಹಲ್ಲಿಗೆ ನಿಲ್ಲಲಿಲ್ಲ, ಎಲುಬಿಗೆ ಇಳಿಯಿತು. ಕೊನೆಯ ವರ್ಷಗಳಲ್ಲಿ ಬೆನ್ನು ಬಾಗಿ ಕತ್ತು ಎತ್ತಲಾಗದೆ, ಅವನು ಆಕಾಶ ನೋಡಬೇಕೆಂದರೆ ಮಲಗಬೇಕಾಗಿತ್ತು. ಆಗೆಲ್ಲ ಸಾಹೇಬರು ಬಂದು "ನೀರು ಚೊಲೋ ಐತಿ" ಎಂದು ಹೇಳಿ, ತಾವು ತಂದ ಬಾಟಲಿಯ ನೀರು ಕುಡಿದು ಹೋಗುತ್ತಿದ್ದರು. ಕಡೆಗೊಂದು ದಿನ ಯಾರೋ ಬಂದು ನಮ್ಮ ಕೈಪಂಪಿಗೆ ಕೆಂಪು ಬಣ್ಣ ಹಚ್ಚಿ ಹೋದರು. ಕುಡಿಯಬೇಡಿ ಎಂದು ಅದರ ಅರ್ಥ. ಅರ್ಥವನ್ನು ಯಾರಿಗೂ ಹೇಳಲಿಲ್ಲ. ನಮ್ಮ ಹೆಂಗಸರು ಸರ್ಕಾರವೇ ಗಂಗಮ್ಮನಿಗೆ ಕುಂಕುಮ ಏರಿಸಿದೆ ಎಂದುಕೊಂಡು ಕಾಯಿ ಒಡೆದು ಊದಿನಕಡ್ಡಿ ಹಚ್ಚಿ, ಮೊದಲಿಗಿಂತ ಹೆಚ್ಚು ಭಕ್ತಿಯಿಂದ ಕುಡಿದರು. ನಮ್ಮವ್ವನೂ ಕಾಯಿ ಒಡೆದವಳೇ.

"ಕೆಂಪ್ಯಾಕ ಹಚ್ಚಿದ್ರು?" ಎಂದು ಕೇಳಿದ್ದು ಇಡೀ ಊರಿಗೆ ನನ್ನ ತಂಗಿ ನೀಲಾ ಒಬ್ಬಳೇ. ಸಾಲಿಗೆ ಹೋಗಿ ಮಾಸ್ತರರನ್ನು ಕೇಳಿ ತಿಳಿದು ಬಂದು, ಕೊಡದ ನೀರು ಅಂಗಳಕ್ಕೆ ಚೆಲ್ಲಿ, ಅವ್ವನ ಕೈಯಲ್ಲಿ ಪೆಟ್ಟು ತಿಂದಳು. ಆಮೇಲೆ ಬಳ್ಳಾರಿಯಲ್ಲಿ ಓದಿ ನೀರು ಪರೀಕ್ಷೆ ಮಾಡುವ ಕೆಲಸ ಕಲಿತಳು. ಮದುವೆಯಾದ ಹುಡುಗ ರಘು ಆದೋನಿ ಕಡೆಯವನು, ಕೆನಡಾದಲ್ಲಿ ಲಾರಿ ಓಡಿಸುತ್ತಾನೆ. ಅಲ್ಲಿ ಒಂದು ಸಣ್ಣ ಪಟ್ಟಣದ ನೀರಿನ ಘಟಕದಲ್ಲಿ ಈಗ ಇವಳದು ಕೆಲಸ. ಮಗಳ ಜವಳಕ್ಕೆ, ಅಂದರೆ ಹುಟ್ಟುಗೂದಲು ತೆಗೆಯುವುದಕ್ಕೆ, ಸೋದರಮಾವನ ತೊಡೆ ಬೇಕಲ್ಲ, ಅದಕ್ಕೇ ನನಗೆ ಟಿಕೆಟ್ ಕಳಿಸಿದ್ದಳು. ಬರುವಾಗ ಕೆಂಪು ಬೋರಿನ ನೀರು ಒಂದು ಬಾಟಲಿ ತಗೊಂಡು ಬಾ ಎಂದಳು. ಜಗತ್ತಿನ ತಂಗಿಯರು ಉಪ್ಪಿನಕಾಯಿ ತರಿಸಿಕೊಳ್ಳುತ್ತಾರೆ.

ಕಸ್ಟಮ್ಸ್ ಮೇಜು

ವಿಮಾನ ಇಳಿದ ಮೇಲೆ ನನ್ನ ಪೆಟ್ಟಿಗೆಯನ್ನೇ ಆರಿಸಿ ಬಿಚ್ಚಿಸಿದರು. ಶೇಂಗಾ ಚಟ್ನಿಪುಡಿಗೆ ಏನೂ ಅನ್ನಲಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಚೀಲ ಸುತ್ತಿದ ಬಾಟಲಿಯನ್ನು ಎತ್ತಿ ಹಿಡಿದು ಅಧಿಕಾರಿ ಹೆಣ್ಣುಮಗಳು ಇದೇನು ಎಂದಳು.

ನೀರು ಎಂದೆ.

ಪವಿತ್ರ ಜಲವೇ ಎಂದು ಮರ್ಯಾದೆಯಿಂದ ಕೇಳಿದಳು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಾನು ಹರಿಶ್ಚಂದ್ರನ ಮೊಮ್ಮಗ, ಇದ್ದ ಇಂಗ್ಲಿಷಿನಲ್ಲಿ "ಅಲ್ಲ ಮೇಡಂ, ಕೆಟ್ಟ ನೀರು" ಎಂದೆ. ಕೆಟ್ಟ ನೀರನ್ನು ಯಾರಿಗೆ ಒಯ್ಯುತ್ತಿದ್ದೀರಿ ಎಂದಳು. "ನನ್ನ ತಂಗಿಗೆ" ಎಂದೆ.

ಅಲ್ಲಿಂದ ಮುಂದೆ ಬೇರೆ ಕೋಣೆಯಲ್ಲಿ ಕೂರಿಸಿದರು. ಹೊರಗೆ ಕಾಯುತ್ತಿದ್ದ ನೀಲಾಳಿಗೆ ಫೋನು ಹೋಗಿ, ಅವಳು ಒಳಗೆ ಬಂದು ತನ್ನ ಕೆಲಸದ ಗುರುತಿನ ಚೀಟಿ ತೋರಿಸಿದ ಮೇಲೆ ಬಿಟ್ಟರು. ಬಿಡುವಾಗ ಆ ಹೆಣ್ಣುಮಗಳು ಮೂರು ಸಲ ಸಾರಿ ಅಂದಳು. ಆ ದೇಶದಲ್ಲಿ ಸಾರಿ ಎಂಬುದು ನಮ್ಮ "ಏನ್ರಿ ಆರಾಮ?" ಇದ್ದ ಹಾಗೆ. ಕಾಲು ತುಳಿಸಿಕೊಂಡವನೂ ಸಾರಿ ಅನ್ನುತ್ತಾನೆ.

ನೀಲಾ ನಕ್ಕಾಗ ನಾನು ಬೆಚ್ಚಿದೆ. ಹಲ್ಲಿಗೆಲ್ಲ ಬಿಳಿ ಕವಚ ಹಾಕಿಸಿಕೊಂಡಿದ್ದಳು. ಮುಖ ತಂಗಿಯದು, ಬಾಯಿ ಯಾರದೋ. "ಚಂದ ಅದಾವೇನಣ್ಣ?" ಎಂದಳು. ಚಂದ ಅದಾವವ್ವಾ ಎಂದೆ, ಕೈ ಅಡ್ಡ ಹಿಡಿದುಕೊಂಡೇ.

ನೀಲಾಳ ಮನೆ

ದಾರಿಯುದ್ದಕ್ಕೂ ನೆಲ ಚಪ್ಪಟೆ. ನಮ್ಮ ಎರೆಹೊಲಗಳೇ ಮೈಲುಗಟ್ಟಲೆ ಹಾಸಿದಂತಿತ್ತು, ಆದರೆ ಒಂದು ಎತ್ತಿಲ್ಲ, ಒಂದು ನರಪಿಳ್ಳೆ ಇಲ್ಲ. ಬೆಳೆ ಕೊಯ್ದು ಮುಗಿಸಿದ್ದರು. ಮೋಡ ಬಂದು ಕೂತದ್ದು ನಾನು ವಾಪಸು ಹೊರಡುವವರೆಗೂ ಏಳಲಿಲ್ಲ. ಬಿಸಿಲಿಗೆ ಬೈದುಕೊಂಡೇ ಬಾಳಿದವನು ನಾನು, ಅಲ್ಲಿ ಎರಡೇ ದಿನಕ್ಕೆ ಬಳ್ಳಾರಿಯ ಬಿಸಿಲು ನೆನೆದು ಅಳುವ ಹಾಗಾಯಿತು.

ಪಟ್ಟಣದ ಬಸ್ಸಿನಲ್ಲಿ ಕಂಡಕ್ಟರೇ ಇಲ್ಲ. ಇಳಿಯುವವರು ಒಬ್ಬೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಸಿರುಗುಪ್ಪ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು ನೆನಪಾದರು. ಅವರು ಥ್ಯಾಂಕ್ಸ್ ಅಂದರೆ ನಾನು ಎದೆ ಒಡೆದು ಸತ್ತೇನು.

ಮೊದಲ ದಿನ ಊಟಕ್ಕೆ ಕೂತಾಗ ನೀಲಾ ನಳ ತಿರುಗಿಸಿ ಲೋಟ ತುಂಬಿ ಕೊಟ್ಟಳು.

"ನಳದ ನೀರಾ? ಕ್ಯಾನ್ ಇಲ್ಲೇನು?"

"ಕುಡಿಯಣ್ಣ. ನಾನಾ ತಯಾರ್ ಮಾಡಿದ್ದು." ಹೆಮ್ಮೆಯಿಂದ ಅಂದಳು. ಮೊದಲ ಸಲ ರೊಟ್ಟಿ ತಟ್ಟಿದಾಗಲೂ ಹೀಗೇ ಅಂದಿದ್ದಳು.

ಕುಡಿದೆ. ಚೆನ್ನಾಗಿತ್ತು. ಆಮೇಲೆ ಮಾತಿಗೆ ಮಾತು ಬಂದು, ನದಿ ನೀರನ್ನು ಹೇಗೆ ಸೋಸುತ್ತಾರೆ, ಹುಳ ಸಾಯಲು ಏನು ಹಾಕುತ್ತಾರೆ ಎಂದೆಲ್ಲ ಹೇಳುತ್ತಾ, "ಕಡೀಕ ಒಂದೀಟು ಫ್ಲೋರೈಡ್ ಹಾಕ್ತೀವಿ, ಹಲ್ಲು ಹುಳುಕು ಹಿಡಿಬಾರದಂತ" ಎಂದಳು.

ಬಾಯಲ್ಲಿದ್ದ ಗುಟುಕನ್ನು ತಟ್ಟೆಗೇ ಉಗುಳಿದೆ.

"ಹುಚ್ಚಿಡಿದೈತೇನ ನಿನಗ? ಅಪ್ಪನ್ನ ತಿಂದಿದ್ದು ಅದಾ ಅಲ್ಲೇನಲೇ! ಅದನ್ನ ನಿನ್ನ ಕೈಯಾರೆ ನೀರಿಗೆ ಹಾಕ್ತೀಯಾ?"

"ಅಣ್ಣ, ಸಾರಿಗೆ ಉಪ್ಪು ಹಾಕ್ತೀವಿ. ಚಿಟಿಕಿ ಹಾಕಿದ್ರ ಸಾರು. ಸೇರು ಹಾಕಿದ್ರ?"

"ಇಸ ಇಸಾನ. ಚಿಟಿಕಿ ಏನು, ಸೇರು ಏನು."

ಅವಳು ಮತ್ತೆ ಹೇಳಲು ಹೋಗಲಿಲ್ಲ. ಬರುವ ವಾರ ಊರ ಸಭೆಯಲ್ಲಿ ಇದೇ ವಿಷಯ ತೀರ್ಮಾನಕ್ಕೆ ಬರುತ್ತದೆ, ಹಾಕುವುದನ್ನು ನಿಲ್ಲಿಸಿ ಎಂದು ಅರ್ಧ ಊರು ಎದ್ದು ನಿಂತಿದೆ, ನೀನೂ ಶುರು ಮಾಡಬೇಡ ಎಂದಷ್ಟೇ ಹೇಳಿ ಮಗುವನ್ನು ಎತ್ತಿಕೊಂಡು ಹೋದಳು. ಸಂಜೆ ಹೆಂಡತಿ ಪಾರ್ವತಿಗೆ ಫೋನು ಮಾಡಿ ನಾನು ಎಲ್ಲವನ್ನೂ ಬಡಬಡಿಸಿದೆ. "ಕೇಳಿಲ್ಲಿ, ಇಲ್ಲಿ ನೀರು ಫಿಲ್ಟರ್ ಮಾಡಿ ಮ್ಯಾಲೆ ಅದನ್ನ ಹಾಕ್ತಾರಂತ! ನಮ್ಮ ನೀಲಾನ ಹಾಕ್ತಾಳಂತ!" ಪಾರ್ವತಿ ಅಯ್ಯಯ್ಯೋ ಎಂದಳು. ಹಿಂದೆ ಗೌರಿ ಬೋಳು ಒಸಡು ತೋರಿಸಿ ಕುಣಿಯುತ್ತಿದ್ದಳು. ಅವಳು ಹುಟ್ಟುವ ಹೊತ್ತಿಗೆ ಊರಿಗೆ ಫಿಲ್ಟರ್ ಬಂದಿತ್ತು. ಕಾಸು ಹಾಕಿದರೆ ಶುದ್ಧ ನೀರು ಬರುವ ಸಣ್ಣ ಶೆಡ್ಡು ಅದು. ಬೋರಿನ ಒಂದು ಹನಿಯೂ ಆ ಮಗುವಿನ ಬಾಯಿಗೆ ಹೋಗದಂತೆ ಕಾಯ್ದುಕೊಂಡಿದ್ದೆವು. ಬಂಗಾರ ಹಾಗೆ ಕಾಯಲಿಲ್ಲ, ಬಂಗಾರ ಇರಲೂ ಇಲ್ಲ.

ಬೇಲಿಯ ಹತ್ತಿರ

ಪಕ್ಕದ ಮನೆಯ ಮುದುಕ ವಾಲ್ಟರ್. ನೀಲಾ ಕೆಲಸಕ್ಕೆ ಹೋಗುವಾಗ ಮಗುವನ್ನು ಕೂಸಿನ ಮನೆಗೆ ಬಿಟ್ಟು ಹೋಗುತ್ತಿದ್ದಳು. ರಘು ಲಾರಿ ಹತ್ತಿದರೆ ವಾರಗಟ್ಟಲೆ ಇಲ್ಲ. ಮಾತಿಲ್ಲದೆ ನನ್ನ ನಾಲಗೆ ಒಣಗಿಹೋಗಿತ್ತು. ಬೇಲಿಯಾಚೆ ಎಲೆ ಗುಡಿಸುತ್ತಿದ್ದ ಮುದುಕ ಕೈ ಎತ್ತಿ ನಕ್ಕ. ನಾನು ಕಟ್ಟೆ ಸಿಕ್ಕಿತು ಎಂದು ಹೋಗಿ ನಿಂತೆ.

ಒಳ್ಳೆಯ ಮನುಷ್ಯ. ಅದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ದಿನಾ ಒಂದು ಕುಂಬಳಕಾಯಿಯನ್ನೋ ಸೇಬನ್ನೋ ಬೇಲಿ ದಾಟಿಸುತ್ತಿದ್ದ. ನನ್ನ ಹರಕು ಇಂಗ್ಲಿಷನ್ನು ತಲೆಬಾಗಿಸಿ ಕೇಳುತ್ತಿದ್ದ. ವಯಸ್ಸಿನಲ್ಲಿ ಒಂದು ಗಿರಣಿಯಲ್ಲಿ ದುಡಿದವನಂತೆ. ಈ ಧೂಳಿನಿಂದ ಏನೂ ಆಗುವುದಿಲ್ಲ, ಪರೀಕ್ಷೆ ಮಾಡಿಸಿದ್ದೇವೆ ಎಂದು ಮಾಲೀಕರು ಬರೆದು ಗೋಡೆಗೆ ಅಂಟಿಸಿದ್ದರಂತೆ. ಜೊತೆಯಲ್ಲಿ ದುಡಿದವರೆಲ್ಲ ಒಬ್ಬೊಬ್ಬರಾಗಿ ಕೆಮ್ಮಿ ಕೆಮ್ಮಿ ಹೋದರು, ತನ್ನ ತಮ್ಮನೂ ಹೋದ ಎಂದ. ಅಂದಿನಿಂದ ಯಾರಾದರೂ ಕೋಟು ಹಾಕಿಕೊಂಡು ಬಂದು ಏನೂ ಆಗುವುದಿಲ್ಲ ಎಂದರೆ ನಾನು ನಂಬುವುದಿಲ್ಲ ಎಂದ.

ಅದಿರಿನ ಲಾರಿಗಳು ಓಡಾಡಿದ ಕಾಲದಲ್ಲಿ ಬಳ್ಳಾರಿ ರಸ್ತೆಯ ಗಿಡಗಳೆಲ್ಲ ಕೆಂಪಾಗಿದ್ದನ್ನು ನಾನು ನೋಡಿದವನು. ಆಗಲೂ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು. ಹೀಗಾಗಿ ಮುದುಕನ ಮಾತು ಎದೆಗೆ ಹೋಯಿತು. ನಾನೂ ನಮ್ಮ ಕಥೆ ಬಿಚ್ಚಿದೆ. ಬಾಟಲಿ ನೀರು ಕುಡಿದ ಸಾಹೇಬರು, ಕೆಂಪು ಪಂಪು, ಅವ್ವ ಒಡೆದ ಕಾಯಿ, ಅಪ್ಪನ ಬೆನ್ನು. ಮುದುಕನ ಕಣ್ಣಲ್ಲಿ ನೀರು ಬಂತು. "ನಿನ್ನ ಹಲ್ಲು ನೋಡಬಹುದೇ?" ಎಂದ.

ಹುಟ್ಟಿದಾಗಿನಿಂದ ಯಾರೂ ಹಾಗೆ ಕೇಳಿರಲಿಲ್ಲ. ಕಂಡವರು ಮುಖ ತಿರುಗಿಸಿದ್ದಾರೆ, ಸಾಲೆಯಲ್ಲಿ ಅಡ್ಡಹೆಸರು ಇಟ್ಟಿದ್ದಾರೆ. ಇವನು ಕೇಳಿದ ರೀತಿಗೆ ನಾನು ಮೀಸೆ ಮೇಲೆತ್ತಿ ಬಾಯಿ ಪೂರ್ತಿ ತೆರೆದೆ. ಫೋನಿನಲ್ಲಿ ಹಿಡಿಯಲೇ ಎಂದ, ಹಿಡಿ ಎಂದೆ. ಇನ್ನೊಂದು ಸಲ ಹೇಳು ಎಂದ, ಹೇಳಿದೆ. "ಫ್ಲೋರೈಡ್ ನೀರು. ನನ್ನ ಅಪ್ಪನನ್ನು ಕೊಂದಿತು." ಮನೆಯೊಳಗೆ ಬಂದ ಮೇಲೆ ಎದೆ ಎಷ್ಟು ಹಗುರವಾಗಿತ್ತೆಂದರೆ, ಒಬ್ಬನೇ ಕೂತು ಸೀಟಿ ಹೊಡೆದೆ.

ನೀರಿನ ಘಟಕ

ರಜೆಯ ದಿನ ನೀಲಾ ನನ್ನನ್ನು ತನ್ನ ಘಟಕಕ್ಕೆ ಕರೆದೊಯ್ದಳು. ನಾನು ತಂದ ಬಾಟಲಿಯೂ ಜೊತೆಗಿತ್ತು. ಎರಡು ಗಾಜಿನ ಕೊಳವೆ ತೆಗೆದು ಒಂದಕ್ಕೆ ಅವರ ನಳದ ನೀರು, ಇನ್ನೊಂದಕ್ಕೆ ನಮ್ಮ ಕೆಂಪು ಬೋರಿನ ನೀರು ಹಾಕಿದಳು. ಎರಡೂ ನೋಡಲು ಒಂದೇ, ತಿಳಿ. ಆಮೇಲೆ ಎರಡಕ್ಕೂ ಒಂದು ಕೆಂಪು ದ್ರಾವಣವನ್ನು ಅಳೆದು ಬಿಟ್ಟಳು.

"ಫ್ಲೋರೈಡ್ ಇದ್ದಷ್ಟೂ ಈ ಕೆಂಪು ಹಾರಿ ಹೋಗತೈತಿ. ನೋಡು."

ಅವರ ನೀರು ಕೆಂಪಾಗಿಯೇ ನಿಂತಿತು, ಸ್ವಲ್ಪ ಮಂಕಾಗಿರಬೇಕು. ನಮ್ಮ ನೀರಿನ ಕೆಂಪು ನನ್ನ ಕಣ್ಣೆದುರೇ ಸತ್ತು ಹೋಯಿತು. ಫ್ಲೋರೈಡ್ ಇಷ್ಟು ಹೆಚ್ಚಿದ್ದರೆ ಬಣ್ಣ ಅಳೆಯುವ ಯಂತ್ರ ಓದುವುದೇ ಇಲ್ಲ ಎಂದು ನೀಲಾ ನಮ್ಮ ನೀರಿಗೆ ಭಟ್ಟಿ ಇಳಿಸಿದ ನೀರು ಬೆರೆಸಿ ತೆಳುವಾಗಿಸಿ ಮತ್ತೆ ಮಾಡಿದಳು. ಆಗಲೂ ಬಣ್ಣ ಉಳಿಯಲಿಲ್ಲ. ನಾನು ಆ ಕೊಳವೆಯನ್ನು ಹಿಡಿದುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟೆ. ಇದನ್ನೇ ನಾವು ಕೊಡಗಟ್ಟಲೆ ಕುಡಿದೆವಲ್ಲ, ಅಪ್ಪ ಹೊಲದಿಂದ ಬಂದವನೇ ಇದನ್ನೇ ಚೊಂಬೆತ್ತಿ ಗಟಗಟ ಕುಡಿದನಲ್ಲ.

"ಸೇರು ಉಪ್ಪು ಅಂದ್ರ ಇದು" ಎಂದಳು ನೀಲಾ. "ಗೌರಿಗೆ ಬೋರಿನ ನೀರು ಕೊಡಬ್ಯಾಡ್ರಿ ಅಂತ ನಾ ಬಡಕೊಂಡಿದ್ದು ಇದಕ್ಕ. ಹಲ್ಲು ಹೊರಗ ಬಂದ ಮ್ಯಾಲೆ ಬಣ್ಣ ಹತ್ತೋದಲ್ಲಣ್ಣ. ಒಸಡಿನ ಒಳಗ ಕಟ್ಟೋ ಹೊತ್ತಿನ್ಯಾಗ ಹತ್ತತೈತಿ. ಅಕೀ ಹಿಂದಿನ ಹಲ್ಲು ಇನ್ನೂ ಒಳಗ ಅದಾವ."

"ಮತ್ತ ಇವರು ಯಾಕ ಬ್ಯಾಡ ಅಂತಾರ?"

"ಕೇಳಲಿ ಬಿಡು, ಕೇಳೋದು ತಪ್ಪಲ್ಲ. ನಾನೂ ಕೆಂಪ್ಯಾಕ ಅಂತ ಕೇಳಿದಾಕೀನ. ಉತ್ತರ ಬಂದ ಮ್ಯಾಲೂ ಕೇಳಿಸ್ಕೊಳ್ಳಲಿಲ್ಲಂದ್ರ ಏನ್ ಮಾಡೋದು?"

ಬೇಲಿಯ ಹತ್ತಿರದ ಮಾತು ಆಗ ಹೇಳಬೇಕಿತ್ತು. ಮುದುಕ ನೆನಪಿಗಾಗಿ ಹಿಡಿದುಕೊಂಡಿರಬೇಕು ಎಂದುಕೊಂಡು ಸುಮ್ಮನಾದೆ. ಪಾರ್ವತಿಗೂ ಅಂದು ಫೋನು ಮಾಡಿದಾಗ ಮೊದಲ ಹಿಮ ಬಿದ್ದ ಸುದ್ದಿ ಹೇಳಿದೆನೇ ಹೊರತು ಕೊಳವೆಯ ಸುದ್ದಿ ಹೇಳಲಿಲ್ಲ.

ಊರ ಸಭೆ

ಎಷ್ಟು ಶಿಸ್ತು ಎನ್ನುತ್ತೀರಿ! ನಮ್ಮ ಗ್ರಾಮಸಭೆಯಲ್ಲಿ ಮೊದಲು ಕುರ್ಚಿಗೆ ಜಗಳ, ಆಮೇಲೆ ಮಂಡಕ್ಕಿ ಮೆಣಸಿನಕಾಯಿ, ನಡುವೆ ಎಲ್ಲೋ ಸಭೆ. ಅಲ್ಲಿ ಪ್ರತಿಯೊಬ್ಬರೂ ಮೈಕಿನ ಮುಂದೆ ಸಾಲಾಗಿ ನಿಂತು, ಹಸಿರು ದೀಪ ಹತ್ತಿದಾಗ ಮಾತು ಶುರುಮಾಡಿ, ಕೆಂಪು ದೀಪ ಬಂದಾಗ ಅರ್ಧ ವಾಕ್ಯದಲ್ಲೇ ನಿಲ್ಲಿಸಿ ಥ್ಯಾಂಕ್ಯೂ ಹೇಳಿ ಹೋಗುತ್ತಾರೆ. ಒಬ್ಬರೂ ಗಂಟಲೆತ್ತಲಿಲ್ಲ. ನೀಲಾ ನೌಕರರ ಮೇಜಿನಲ್ಲಿ ಕೂತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡಬಹುದು, ತಾನಾಗಿ ಮಾತಾಡುವ ಹಾಗಿಲ್ಲ.

ಒಬ್ಬ ಡಾಕ್ಟರಮ್ಮ ಬಂದು ಪರದೆಯ ಮೇಲೆ ಚಿತ್ರಪಟಗಳನ್ನು ತೋರಿಸಿದರು. ಬಡವರ ಮಕ್ಕಳ ಹಲ್ಲು ಹೇಗೆ ಉಳಿಯುತ್ತದೆ ಎಂದು ಹೇಳಿದರು. ಇದರಿಂದ ಯಾವ ಅಪಾಯವೂ ಇಲ್ಲವೇ ಎಂದು ಒಬ್ಬ ಸದಸ್ಯ ಕೇಳಿದ. ಆ ತಾಯಿ ಇಲ್ಲ ಎಂದುಬಿಡಬಹುದಿತ್ತು. ಪ್ರಾಮಾಣಿಕಳು, "ಪ್ರಮಾಣ ಬಹಳ ಹೆಚ್ಚಾದರೆ ಇದೆ. ಈ ಪ್ರಮಾಣದಲ್ಲಿ ನಮಗೆ ತಿಳಿದಿರುವ ಮಟ್ಟಿಗೆ ಕಾಣುತ್ತಿಲ್ಲ, ಅಧ್ಯಯನ ಮುಂದುವರಿದಿದೆ" ಎಂದರು. ಸಭೆಯಲ್ಲಿ ಗುಸುಗುಸು ಎದ್ದಿತು. ತಿಳಿದವರು ಅಳೆದು ತೂಗಿ ಮಾತಾಡಿದರು. ಎದುರು ಪಕ್ಷದವರಿಗೆ ಅಳತೆಯ ಗೊಡವೆಯೇ ಇರಲಿಲ್ಲ.

ಆಮೇಲೆ ವಾಲ್ಟರ್ ಬಂದ. ಮೈಕಿನ ಮುಂದೆ ನಿಂತವನೇ ಪರದೆಯ ಕಡೆ ಕೈ ತೋರಿಸಿದ.

ಗೋಡೆಯಷ್ಟು ದೊಡ್ಡದಾಗಿ ನನ್ನ ಬಾಯಿ.

ಮೀಸೆ ಎತ್ತಿ ಹಿಡಿದ ನನ್ನದೇ ಬೆರಳು. ಒಂದೊಂದು ಹಲ್ಲಿನ ಒಂದೊಂದು ಕಲೆ. "ಫ್ಲೋರೈಡ್ ನೀರು. ನನ್ನ ಅಪ್ಪನನ್ನು ಕೊಂದಿತು." ಹಿಂದಿನ ಸಾಲಿನಲ್ಲಿ ಯಾರೋ ಅಯ್ಯೋ ದೇವರೇ ಎಂಬಂತೆ ಉಸಿರೆಳೆದರು. ಅಧ್ಯಕ್ಷಿಣಿ ಈ ವ್ಯಕ್ತಿ ಯಾರು ಎಂದು ಕೇಳಿದಳು. ನೀಲಾ ಎದ್ದು ನಿಂತು, ನನ್ನ ಕಡೆ ನೋಡದೆ, "ನನ್ನ ಅಣ್ಣ" ಎಂದಳು.

ನಾನು ತಡೆಯಲಾರದೆ ಓಡಿಹೋಗಿ ಸಾಲಿನಲ್ಲಿ ನಿಂತೆ. ಹಸಿರು ದೀಪ ಬಂತು. ಕನ್ನಡದಲ್ಲಾಗಿದ್ದರೆ ಆ ಸಭೆಯನ್ನು ಕೂರಿಸಿ ಏಳಿಸುತ್ತಿದ್ದೆ. ತುಂಬಿದ ಬಸ್ಸಿನಲ್ಲಿ ಜಗಳ ಬಿಡಿಸುವವನು ನಾನು. ಇಂಗ್ಲಿಷಿನಲ್ಲಿ ಬಂದದ್ದು ಇಷ್ಟೇ: "ನನ್ನ ಊರ ನೀರು, ಜಾಸ್ತಿ. ತುಂಬಾ ಜಾಸ್ತಿ. ಈ ನೀರು, ಸ್ವಲ್ಪ. ಉಪ್ಪು. ಉಪ್ಪಿನ ಹಾಗೆ. ನನ್ನ ತಂಗಿ ಕರೆಕ್ಟ್." ಕೆಂಪು ನೀರಿನ ಕೊಳವೆಯ ವಿಷಯ ಹೇಳಲು ಬಾಯಿ ತೆರೆದೆ. ಜನ ನನ್ನ ಮಾತು ಕೇಳುತ್ತಿರಲಿಲ್ಲ, ಹಲ್ಲು ನೋಡುತ್ತಿದ್ದರು. ಕೆಂಪು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕನಿಕರದ ಚಪ್ಪಾಳೆ ಹೇಗಿರುತ್ತದೆಂದು ಅಂದು ತಿಳಿಯಿತು.

ಸದಸ್ಯರು ಕೈ ಎತ್ತಿದರು. ಫ್ಲೋರೈಡ್ ಹಾಕುವುದನ್ನು ನಿಲ್ಲಿಸಲು ತೀರ್ಮಾನವಾಯಿತು. ವಾಲ್ಟರ್ ಬಂದು ನನ್ನನ್ನು ತಬ್ಬಿಕೊಂಡು, "ನಿನ್ನಿಂದ ನಮ್ಮ ಮಕ್ಕಳು ಉಳಿದರು" ಎಂದ. ಅವನ ಕಣ್ಣಲ್ಲಿ ಆಗಲೂ ನಿಜವಾದ ನೀರೇ ಇತ್ತು. ಅವನ ಮೇಲೆ ಸಿಟ್ಟು ಮಾಡಲೂ ನನ್ನಿಂದ ಆಗಲಿಲ್ಲ.

ಜವಳ

ಮರುದಿನ ಜವಳ. ನೀಲಾ ಒಂದು ಕೋಣೆಯಲ್ಲಿ, ನಾನು ಇನ್ನೊಂದರಲ್ಲಿ. ಬೆಳಿಗ್ಗೆಯೇ ಲಾರಿ ಇಳಿದು ಬಂದಿದ್ದ ರಘು ಪಾಪ, "ಬಾವಗಾರೂ, ಕಾಫಿ ತಗೊಳ್ಳಿ" ಎಂದು ಇಬ್ಬರ ನಡುವೆ ಓಡಾಡುತ್ತಿದ್ದ. ಅಡುಗೆಮನೆಯ ನೆಲಕ್ಕೆ ಕಂಬಳಿ ಹಾಸಿ ಕೂತೆ. ನೀಲಾ ಮಗುವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ನಳದ ನೀರನ್ನೇ ಬಟ್ಟಲಿಗೆ ಹಿಡಿದು ಕೊಟ್ಟಳು. ನೆತ್ತಿಗೆ ಹಚ್ಚಿ ಮೊದಲ ಎಳೆ ಕತ್ತರಿಸಿದೆ. ಮಗು ನನ್ನ ಮೀಸೆ ಹಿಡಿದೆಳೆದು ನಕ್ಕಿತು, ಕೆಳಗೆ ಅಕ್ಕಿಕಾಳಿನಷ್ಟು ಎರಡು ಹಲ್ಲು. ಕೈ ಖಾಲಿ ಇರಲಿಲ್ಲ, ನಾನೂ ಬಾಯಿ ಮುಚ್ಚದೆ ನಕ್ಕೆ.

ಆಗ ನೀಲಾಳ ಅಳು ಕಿತ್ತುಕೊಂಡು ಬಂತು.

"ಬಾಯಿ ತೆಗೆದು ತೋರ್ಸಾಕ ನಿನಗ ನಾ ಸಿಗಲಿಲ್ಲೇನಣ್ಣ? ಹುಟ್ಟಿದಾಗಿಂದ ನನ್ನ ಮುಂದನೂ ಕೈ ಅಡ್ಡ ಹಿಡಿದ ನಗತಿದ್ದಿ. ಗುರುತಿಲ್ಲದ ಮುದುಕಗ ತೋರ್ಸಿದಿ."

"ಅವ ಕೇಳಿದ, ನೀಲಾ."

"ಹೂಂ. ನಾ ಕೇಳಲಿಲ್ಲ. ನಾ ನೀರು ನೋಡಿಕೋತ ಕುಂತೆ."

ಅಷ್ಟು ಹೇಳಿ ಮೂಗು ಒರೆಸಿಕೊಂಡು, ಕೂದಲನ್ನು ಕಾಗದದಲ್ಲಿ ಕಟ್ಟಿದಳು. ಊರಿಗೆ ಹೋದಾಗ ತುಂಗಭದ್ರೆಗೆ ಬಿಡು ಎಂದು ನನ್ನ ಪೆಟ್ಟಿಗೆಯಲ್ಲಿಟ್ಟಳು. ನನಗೆ ಬೈದಿದ್ದರೆ ಚೆನ್ನಾಗಿತ್ತು.

ಕುರುಗೋಡು

ಜವಳವಾಗಿ ಮೂರು ವಾರಕ್ಕೆ ವಾಪಸು ಬಂದು ಬಳ್ಳಾರಿ ನಿಲ್ದಾಣದಲ್ಲಿ ಕುರುಗೋಡು ಬಸ್ಸು ಹತ್ತಿದೆ. ಬಿಸಿಲು ಮುಖಕ್ಕೆ ಬಡಿದಾಗ ಹಾಯೆನಿಸಿತು. ಕಂಡಕ್ಟರ್ ನಮ್ಮ ಡಿಪೋದ ಹುಸೇನಿ. ನನ್ನನ್ನು ಕಂಡವನೇ ಸೀಟಿ ಊದಿ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ.

"ಬರ್ರಿ ಬರ್ರಿ ಈರಣ್ಣಾ! ಫಾರಿನ್‌ನಾಗ ಮಶಹೂರ್ ಆಗಿ ಬಂದ್ಯಲ್ಲೋ!"

ಫೋನು ತೆಗೆದು ತೋರಿಸಿದ. ಅದೇ ವಾಲ್ಟರನ ವಿಡಿಯೊ, ಫೋನಿನಿಂದ ಫೋನಿಗೆ ದಾಟಿ ಬಂದದ್ದು. ಅದೇ ನನ್ನ ಬಾಯಿ. ಯಾರೋ ಮೇಲೆ ಕನ್ನಡದಲ್ಲಿ ದನಿ ಕೂರಿಸಿದ್ದರು: "ನೋಡಿ ಬಂಧುಗಳೇ, ನೀರನ್ನು ಫಿಲ್ಟರ್ ಮಾಡಿ ಅದಕ್ಕೆ ಫ್ಲೋರೈಡ್ ಎಂಬ ವಿಷ ಬೆರೆಸುತ್ತಾರೆ. ನಮ್ಮ ಬಳ್ಳಾರಿಯ ಈ ಅಣ್ಣನ ಹಲ್ಲೇ ಸಾಕ್ಷಿ. ಕೆನಡಾದಲ್ಲಿ ಬಂದ್ ಮಾಡಿದ್ದಾರೆ. ಫಿಲ್ಟರ್ ನೀರು ಬಿಡಿ, ಭೂತಾಯಿಯ ನೀರು ಕುಡಿಯಿರಿ. ಎಲ್ಲರಿಗೂ ಹಂಚಿ."

"ಸುಳ್ಳಲೇ ಇದು! ತಲಿಕೆಳಗ ಮಾಡ್ಯಾರ!" ಎಂದೆ.

"ಸುಳ್ಳ್ ಹೆಂಗಾಗತೈತಿ? ನಿನ್ನ ಬಾಯೇ ಐತಲ್ಲ" ಎಂದು ಹುಸೇನಿ ನಕ್ಕ. ಟಿಕೆಟ್ ಟಿಕೆಟ್ ಎನ್ನುತ್ತ ಮುಂದೆ ಹೋದ.

ಊರ ಅಗಸಿಗೆ ಬಂದಾಗ ಫಿಲ್ಟರಿನ ಶೆಡ್ಡಿಗೆ ಬೀಗ. ಯಾರೂ ನೀರಿಗೆ ಬರುವುದಿಲ್ಲವೆಂದು ನೋಡಿಕೊಳ್ಳುವವನು ಸಿರುಗುಪ್ಪದ ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗಿದ್ದನಂತೆ, ಬೀಗದ ಕೈಯೂ ಅವನ ಜೊತೆಗೇ ಹೋಗಿತ್ತು. ಕೆಂಪು ಪಂಪಿನ ಹತ್ತಿರ ಕೊಡಗಳ ಸಾಲು. ಬಣ್ಣ ಅಲ್ಲಲ್ಲಿ ಎದ್ದಿತ್ತು. ಹಿಡಿಯ ಮೇಲೆ ಹೊಸ ಕುಂಕುಮ, ಬುಡದಲ್ಲಿ ಒಡೆದ ಕಾಯಿಯ ಚಿಪ್ಪು.

"ಕುಡಿಬ್ಯಾಡ್ರವ್ವಾ! ನಾ ಕಣ್ಣಾರೆ ನೋಡೀನಿ, ನೀಲಾ ಪರೀಕ್ಷಾ ಮಾಡಿ ತೋರ್ಸ್ಯಾಳ. ಇಸ ಇರೋದು ಇದ್ರಾಗ, ಫಿಲ್ಟರಿನಾಗಲ್ಲ!" ಎಂದು ಪೆಟ್ಟಿಗೆ ಕೆಳಗಿಟ್ಟು ಕೂಗಿದೆ.

ಪಂಪು ಒತ್ತುತ್ತಿದ್ದ ಮುದುಕಿ ದ್ಯಾವಮ್ಮ ಕೈ ನಿಲ್ಲಿಸಲಿಲ್ಲ. "ಹೋದ ತಿಂಗಳು ಬ್ಯಾರೆ ಹೇಳಿದಿ, ಈಗ ಬ್ಯಾರೆ ಹೇಳ್ತಿ. ನೀ ಸುಳ್ಳ್ ಹೇಳಬಹುದಪ್ಪಾ, ನಿನ್ನ ಹಲ್ಲು ಸುಳ್ಳ್ ಹೇಳ್ತಾವೇನು?" ಎಂದಳು. ಹೆಂಗಸರೆಲ್ಲ ನಕ್ಕರು. ನನ್ನ ಕೈ ಬಾಯಿಗೆ ಹೋಯಿತು.

ಮನೆಯಲ್ಲಿ ಪಾರ್ವತಿ ಚೊಂಬಿನಲ್ಲಿ ನೀರು ತಂದು ಮುಂದಿಟ್ಟಳು. ಎಲ್ಲಿಯ ನೀರು ಎಂದೆ.

"ಬೋರಿನವು. ನೀವ ಫೋನಿನಾಗ ಹೇಳಿದ್ರಲ್ಲ, ಫಿಲ್ಟರ್ ಮಾಡಿ ಮ್ಯಾಲೆ ಅದನ್ನ ಹಾಕ್ತಾರಂತ? ಆಮ್ಯಾಲೆ ವಿಡಿಯೋನೂ ಬಂತು. ಅವತ್ತಿಂದ ಗೌರಿಗೆ ಫಿಲ್ಟರಿಂದು ಒಂದು ಹನಿ ಮುಟ್ಟಿಸಿಲ್ಲ ನೋಡ್ರಿ." ಒಳ್ಳೆಯ ಕೆಲಸ ಮಾಡಿದವರ ಮುಖ ಅವಳದು.

ನಾನು ಚೊಂಬನ್ನು ಹತ್ತಿರ ಎಳೆದುಕೊಂಡು ಒಳಗೆ ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು. ಅಷ್ಟರಲ್ಲಿ ಗೌರಿ ಸಾಲಿ ಬಿಟ್ಟು ಓಡಿಬಂದಳು. ಚೀಲವನ್ನೂ ಇಳಿಸದೆ ನನ್ನ ತೊಡೆ ಏರಿ, ಬಿಸಿಲಿಗೆ ಮುಖ ಎತ್ತಿ, ಎರಡು ಬೆರಳಿನಿಂದ ತುಟಿ ಎಳೆದು ಹಿಡಿದಳು.

"ಅಪ್ಪಾ, ನೋಡು, ಬಂತು! ಬಿಳೇದು ಬಂದೈತಿ!"

ನೋಡಿದೆ. ಒಸಡು ಸೀಳಿಕೊಂಡು ಒಂದು ತುದಿ ಹೊರಗೆ ಬಂದಿತ್ತು. ಬಿಳಿಯೇ ಇತ್ತು. ಉಳಿದವು ಇನ್ನೂ ಒಳಗಿದ್ದವು.